ಮಾವ ವರ ನೋಡಲು ಹೋಗಿ ಪಾತರಗಿತ್ತಿ ನೋಡಿ ಬಂದದ್ದು

ನನ್ನ ಗಂಡನನ್ನು ಗೊತ್ತು ಮಾಡಿದ್ದು ಒಂದು ಪಾತರಗಿತ್ತಿ! ನಗಬೇಡಿ. ಜಾತಕ ಕೂಡಿಸಿ ಗಂಡು ಆರಿಸುವವರನ್ನು ನೀವು ನೋಡಿದ್ದೀರಿ. ಹೊಲವೆಷ್ಟು, ದನವೆಷ್ಟು ಎಂದು ವಿಚಾರಿಸುವವರನ್ನು ನೋಡಿದ್ದೀರಿ. ದೇವರ ತಲೆಯ ಮೇಲೆ ಹೂವಿಟ್ಟು, ಬಲಕ್ಕೆ ಬೀಳುತ್ತದೋ ಎಡಕ್ಕೋ ಎಂದು ಬಾಯಿ ತೆರೆದು ಕಾಯುವವರನ್ನೂ ನೋಡಿರಬಹುದು. ಆದರೆ ವರನ ಊರಿಗೆ ಹೋಗಿ, ವರನೊಬ್ಬನನ್ನು ಬಿಟ್ಟು, ಆ ಊರಿನ ಪಾತರಗಿತ್ತಿಗಳ ರೆಕ್ಕೆಯನ್ನೆಲ್ಲ ನೋಡಿಕೊಂಡು ಬಂದು ಹೌದು ಅಲ್ಲ ಎನ್ನುವ ಮನುಷ್ಯನನ್ನು ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬನಿದ್ದ. ನನ್ನ ಸೋದರಮಾವ. ನೀವು ಚಿಟ್ಟೆ ಎನ್ನುವುದನ್ನೇ ನಮ್ಮ ಕಡೆ ಪಾತರಗಿತ್ತಿ ಎನ್ನುತ್ತೇವೆ. ಮಾವನ ಎದುರಿಗೆ ಯಾರಾದರೂ ಚಿಟ್ಟೆ ಎಂದಿದ್ದರೆ, ಅಷ್ಟು ಸಣ್ಣ ಹೆಸರಿನಲ್ಲಿ ಅಷ್ಟು ಬಣ್ಣ ಹಿಡಿಸುವುದು ಹೇಗೆ ಎಂದು ಜಗಳವಾಡುತ್ತಿದ್ದನೋ ಏನೋ!

ಮಾವ ಗಜೇಂದ್ರಗಡದ ನೇಕಾರ. ಗುಡ್ಡದ ಬುಡದ ಓಣಿಯಲ್ಲಿ ಮನೆ, ಪಡಸಾಲೆಯಲ್ಲಿ ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತನೆಂದರೆ ಸೊಂಟದಿಂದ ಮೇಲಿನ ಮಾವ ಮಾತ್ರ ನಮ್ಮ ಪಾಲಿಗೆ. ಉಳಿದರ್ಧ ನೆಲದೊಳಗೆ ಮಗ್ಗ ತುಳಿಯುತ್ತಿರುತ್ತಿತ್ತು. ಓಣಿಯ ಬೇರೆ ಮಗ್ಗಗಳೆಲ್ಲ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಬಡಿಯುತ್ತಿದ್ದರೆ, ನಮ್ಮ ಮನೆಯದು ಬಡಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮಗ್ಗದ ಎದುರಿಗೆ ಕಿಟಕಿ, ಕಿಟಕಿಯ ಆಚೆ ಗುಡ್ಡ, ಗುಡ್ಡದಿಂದ ಇಳಿದು ಬರುವ ಪಾತರಗಿತ್ತಿಗಳು! ಒಂದು ಒಳಗೆ ಬಂದಿತೋ, ಲಾಳಿ ಕೈಯಲ್ಲಿ ಇದ್ದಲ್ಲಿಯೇ ನಿಂತಿತು. ಒಮ್ಮೆ ಒಂದು ಬಂದು ಅರ್ಧ ನೆಯ್ದ ಸೀರೆಯ ಮೇಲೆಯೇ ಕುಳಿತುಬಿಟ್ಟಿತು. ಮಾವ ಉಸಿರು ಬಿಗಿಹಿಡಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ, ಅಂದರೆ ಮಾವನ ಹೆಂಡತಿಯ, ಕಿವಿ ಮಾತ್ರ ಯಾವಾಗಲೂ ಮಗ್ಗದ ಮೇಲೆಯೇ.

“ಮಗ್ಗ ಯಾಕ ನಿಂತೈತ್ರಿ?”

“ಸುಮ್ನಿರು. ಮಂದಿ ಬಂದಾರ,” ಎಂದು ಮಾವ ಪಿಸುಗುಟ್ಟಿದ.

“ಯಾರ್ ಬಂದಾರ? ಚಹಾಕ್ಕ ಇಡ್ಲೇನು?”

“ಬ್ಯಾಡ. ಚಹಾ ಕುಡಿಯೋ ಮಂದಿ ಅಲ್ಲ.”

ಅತ್ತೆ ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದು ನೋಡಿದಳು. ಬಂದ ಮಂದಿ ಹಾರಿ ಹೋದರು. ಆಮೇಲೆ ಪಡಸಾಲೆಯಲ್ಲಿ ನಡೆದ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ.

ಇಷ್ಟೇ ಆಗಿದ್ದರೆ ಹುಚ್ಚು ಎಂದು ಬಿಡಬಹುದಿತ್ತು. ಮಾವನಿಗೆ ಒಂದು ಸಿದ್ಧಾಂತವೂ ಇತ್ತು. ಹುಚ್ಚಿಗೆ ಸಿದ್ಧಾಂತ ಸೇರಿಕೊಂಡರೆ ಮನೆಯವರ ಗತಿ ಏನು ಹೇಳಿ! ನಾನು ಪಕ್ಕದಲ್ಲಿ ನೂಲು ಸುತ್ತುತ್ತ ಕುಳಿತಾಗ ಆತ ಅದನ್ನು ನನಗೆ ಪಾಠದ ಹಾಗೆ ಹೇಳುತ್ತಿದ್ದ.

“ನೋಡವ್ವಿ, ನಮ್ಮ ಗುಡ್ಡದ ಕಲ್ಲು ಕೆಂಪು. ಅದಕ್ಕ ಇಲ್ಲೀ ಪಾತರಗಿತ್ತಿ ಕರಿ ರೆಕ್ಕಿ ಮ್ಯಾಲೆ ಕೆಂಪು ಬೊಟ್ಟು ಇಟ್ಕೊಂಡು ಮೆರೀತಾವ. ಹಂಗ ಕೆಳಗ ಎರಿ ಭೂಮಿಗೆ ಇಳದು ನೋಡು. ಅಲ್ಲೀವು ಸಣ್ಣವು, ಬೂದಿ ಬಣ್ಣ. ಮಣ್ಣಿನ ಹೆಂಟಿ ಮ್ಯಾಲೆ ಕುಂತ್ರ ಹೆಂಟಿ ಯಾವುದು ರೆಕ್ಕಿ ಯಾವುದು ತಿಳಿಯಂಗಿಲ್ಲ. ಇದ್ದ ಜಾಗಾದ ಬಣ್ಣ ಹತ್ತೇ ಹತ್ತತೈತಿ. ಯಾರೂ ತಪ್ಪಿಸ್ಕೊಳ್ಳಾಕ ಆಗಂಗಿಲ್ಲ.”

ಇದನ್ನು ಪರೀಕ್ಷಿಸಲು ಮಾವನ ಬಳಿ ಒಂದು ಸಾಧನವಿತ್ತು. ಬಣ್ಣದ ನೂಲಿನ ತುಂಡುಗಳು! ಸೀರೆ ಬೇಕೆಂದವರು ತಂದ ಬಟ್ಟೆಯ ಚೂರಿಗೆ ನೂಲು ಹಿಡಿದು ಬಣ್ಣ ಹೊಂದಿಸುವುದು ನೇಕಾರರೆಲ್ಲ ಮಾಡುವ ಕೆಲಸ. ಮಾವ ಅದೇ ಕೆಲಸವನ್ನು ಪಾತರಗಿತ್ತಿಗೆ ಮಾಡುತ್ತಿದ್ದ. ಅಂಗಿಯ ಕಿಸೆಯಲ್ಲಿ ಎಲ್ಲ ಬಣ್ಣದ ನೂಲೂ ಒಂದೊಂದು ಗೇಣು ಇರಬೇಕು. ಎಲ್ಲಿಯಾದರೂ ಒಂದು ಪಾತರಗಿತ್ತಿ ಕುಳಿತರೆ ಸಾಕು, ಹೊಟ್ಟೆಯ ಮೇಲೆ ಹರಿದುಕೊಂಡು ಹತ್ತಿರ ಹೋಗಿ, ಒಂದೊಂದೇ ನೂಲನ್ನು ಅದರ ರೆಕ್ಕೆಯ ಪಕ್ಕಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವನು. ಪಾತರಗಿತ್ತಿಗೆ ಸೀರೆ ನೆಯ್ದು ಕೊಡುವವನ ಹಾಗೆ!

ಬಂದ ಗಿರಾಕಿಗಳ ಗತಿಯೂ ಅಷ್ಟೇ. ನರೇಗಲ್ಲಿನ ಹೆಣ್ಣುಮಗಳೊಬ್ಬಳು ಸಂತೆ ಮುಗಿಸಿ ಬಂದು ಹಸಿರು ಸೀರೆ ಕೇಳಿದಳು. ಮಾವ ಆಕೆಯ ಹೊಲದ ಮಣ್ಣು ಯಾವುದು, ಮನೆಯ ಮುಂದೆ ಯಾವ ಗಿಡ, ಮುಂಗಾರಿಗೆ ಏನು ಬಿತ್ತುತ್ತೀರಿ ಎಂದೆಲ್ಲ ಕೇಳಿದ. ಆಕೆ ಪಾಪ, ಇವನಾರೋ ಸರಕಾರದವನು ಎಂದುಕೊಂಡು ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಮಾವ ತೀರ್ಪು ಕೊಟ್ಟ.

“ಹಸರು ನಿಮಗ ಬ್ಯಾಡ್ರಿ. ನಿಮ್ಮೂರಾಗ ಹಸರು ಇರೂದ ಎರಡು ತಿಂಗಳು. ಉಳಿದ ಹತ್ತು ತಿಂಗಳು ನೀವೊಬ್ಬರ ಹಸರಾಗಿ ಕುಂತ್ರ ಕಾಗಿ ಬಂದು ಕುಕ್ಕತಾವ.”

ಆಕೆ ಸೀರೆಯನ್ನು ಎದುರು ಮನೆಯಲ್ಲಿ ಕೊಂಡಳು ಎಂದು ಬೇರೆ ಹೇಳಬೇಕೇ?

ಇಂಥವನ ಕೈಯಲ್ಲಿ ನನ್ನ ಮದುವೆಯ ಹೊಣೆ ಬಿತ್ತು! ನನಗೆ ತಾಯಿಯಿಲ್ಲ. ಆಕೆ ಮಾವನ ಒಬ್ಬಳೇ ತಂಗಿ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಅಪ್ಪ ಬೇರೆ ಮದುವೆಯಾದ. ಮಾವ ಬಂದು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಗುಡ್ಡದ ಊರಿಗೆ ತಂದನಂತೆ. ಮಾವನಿಗೂ ಅತ್ತೆಗೂ ಬೇರೆ ಮಕ್ಕಳಿರಲಿಲ್ಲ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕುಳಿತಿದ್ದೆ. ಕನ್ನಡ ನಾಡೆಲ್ಲ ಒಂದಾಯಿತೆಂದು ಊರಲ್ಲಿ ಸಕ್ಕರೆ ಹಂಚಿ ಮುಗಿದಿತ್ತು. ನಾಡೇ ಕೂಡಿತು, ಈ ಹುಡುಗಿಗೊಂದು ಗಂಡು ಕೂಡಿ ಬರಲಿಲ್ಲ ಎಂದು ಅತ್ತೆ ಎದ್ದರೆ ಕುಳಿತರೆ ಅನ್ನುತ್ತಿದ್ದಳು.

ಮೊದಲು ಬಂದದ್ದು ರೋಣದ ಸಂಬಂಧ. ಹುಡುಗ ಕಚೇರಿಯಲ್ಲಿ ಕಾರಕೂನ. ಬೇಸಿಗೆಯ ನಡುವೆ ಮಾವ ಮನೆ ನೋಡಲು ಹೊರಟ. ಕೋಟು, ರುಮಾಲು, ಕಿಸೆಯಲ್ಲಿ ನೂಲು. ಮರುದಿನ ಬಂದವನನ್ನು ಅತ್ತೆ ಬಾಗಿಲಲ್ಲಿಯೇ ಹಿಡಿದಳು.

“ಹುಡುಗ ಹ್ಯಾಂಗದಾನ್ರಿ?”

“ಚಲೋ ಅದಾನ.”

“ಮನಿ?”

“ಭಾಳ ಚಲೋ ಐತಿ. ಹಿಂದ ಬಾವಿ ಐತಿ, ಮುಂದ ಕಟ್ಟಿ ಐತಿ.”

“ಹಂಗಾದ್ರ ಮಾತು ಮುಗಿಸೇ ಬಂದ್ರೇನು?”

“ಹ್ಞೂಂ. ಒಲ್ಲೆ ಅಂತ ಹೇಳಿ ಬಂದೆ. ಕಟ್ಟಿ ಮ್ಯಾಲೆ ಒಂದು ಪಾತರಗಿತ್ತಿ ಬಂದು ಕುಂತಿತು. ಬೂದಿ ಬಣ್ಣ!”

ಅತ್ತೆ ಅಂದು ಉಣ್ಣಲಿಲ್ಲ. ನಾನು ಉಂಡೆ. ನನಗೆ ಕಾರಕೂನನ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಜೊತೆಗೆ ಅಂದು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು.

ಮುಂದಿನ ಬೇಸಿಗೆಯಲ್ಲಿ ಅಬ್ಬಿಗೇರಿಯ ಸಂಬಂಧ ಬಂತು. ಹೊಲಮನೆ ಇದ್ದವರು. ಈ ಸಲ ಅತ್ತೆ ಕಿಸೆಯಿಂದ ನೂಲನ್ನೆಲ್ಲ ತೆಗೆದಿಟ್ಟು ಕಳಿಸಿದಳು. ಆದರೆ ಮಾವ ರುಮಾಲಿನ ಮಡಿಕೆಯಲ್ಲಿ ಇನ್ನೊಂದು ಕಂತೆ ಇಟ್ಟುಕೊಂಡಿದ್ದ! ಊರ ಹೊರಗೆ ಬಸ್ಸಿನಿಂದ ಇಳಿದವನು, ಬೀಗರಾಗುವವರ ಮನೆಗೆ ಹೋಗುವ ಮುಂಚೆ ಊರಿನ ಬಣ್ಣವೊಂದನ್ನು ನೋಡಿಕೊಳ್ಳೋಣವೆಂದು ದಾರಿಯ ಪಕ್ಕದ ಹೊಲಕ್ಕೆ ಇಳಿದ. ಬದುವಿನ ಮೇಲೆ ಅಂಗಾತ ಅಲ್ಲ, ಬೋರಲು ಮಲಗಿ, ಕೆಂಪು ಕರಿ ಹಳದಿ ನೂಲುಗಳನ್ನು ಎದುರಿಗೆ ಹರಡಿಕೊಂಡು, ಒಂದು ಕಣ್ಣು ಮುಚ್ಚಿ, ಬಾಯಲ್ಲಿ “ಬಾರವ್ವಾ, ಕುಂದ್ರವ್ವಾ, ಒಂದ ಗಳಿಗಿ ಕುಂದ್ರವ್ವಾ” ಎಂದು ಕರೆಯುತ್ತಿದ್ದ. ಹೊಲದವರು ನೋಡಿದರು. ಪರವೂರಿನವನು, ಮೂರು ಬಣ್ಣದ ನೂಲು, ನೆಲದ ಮೇಲೆ ಮಲಗಿ ಯಾರನ್ನೋ ಅವ್ವಾ ಅವ್ವಾ ಎಂದು ಕರೆಯುತ್ತಿದ್ದಾನೆ. ಅವರಿಗೇನು ತಿಳಿಯಬೇಕು? ಹೊಲಕ್ಕೆ ಮಾಟ ಮಾಡುತ್ತಿದ್ದಾನೆ ಎಂದೇ ತಿಳಿಯಿತು. ಬಾರುಕೋಲು ಎತ್ತಿಕೊಂಡು ಬೆನ್ನು ಹತ್ತಿದರು. ಮಾವ ಒಂದು ಕೈಯಲ್ಲಿ ರುಮಾಲು, ಇನ್ನೊಂದರಲ್ಲಿ ಧೋತರದ ಚುಂಗು ಹಿಡಿದು ಓಡುತ್ತ, ಊರೊಳಗೆ ಹೊಕ್ಕು, ಕಂಡವರನ್ನು ಕೇಳಿ ಬೀಗರ ಮನೆಯನ್ನು ಮುಟ್ಟಿ, ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಮನೆಯ ಯಜಮಾನರು ಬಂದರು. ಕೈಯಲ್ಲಿ ಬಾರುಕೋಲು!

ಆ ಸಂಬಂಧವನ್ನು ಮಾತ್ರ ಮಾವ ಬಿಡಲಿಲ್ಲ. ಅವರೇ ಬಿಟ್ಟರು.

ಹೀಗೆ ಎರಡು ಬೇಸಿಗೆ ಕಳೆದವು. ಮಾವ ನೋಡಿದ ಊರಿಗೆಲ್ಲ ಒಂದೊಂದು ಹೆಸರಿಟ್ಟಿದ್ದ. ಬೂದಿ ಊರು, ಒಣಮಣ್ಣಿನ ಊರು, ತುಕ್ಕು ಹಿಡಿದ ಕಬ್ಬಿಣದ ಊರು. ಓಣಿಯವರು ನಗತೊಡಗಿದರು. ಅತ್ತೆಯ ಸಂಗಡ ನೀರಿಗೆ ಹೋದಾಗ ಒಬ್ಬಾಕೆ, “ನಿಮ್ಮ ಹುಡುಗಿನ್ನ ಪಾತರಗಿತ್ತಿಗೇ ಕೊಡ್ತೀರೇನವಾ?” ಎಂದಳು. ನನಗೆ ಸಿಟ್ಟು ಬಂತು. ಮನೆಗೆ ಬಂದು ಕೊಡ ಇಳಿಸಿ, ಈ ಮಾವನಿಗೆ ನನ್ನ ಮದುವೆ ಮಾಡುವ ಮನಸ್ಸೇ ಇಲ್ಲವೇನು ಎಂದು ಅತ್ತೆಯ ಮೇಲೆ ರೇಗಿದೆ. ಅತ್ತೆಯೂ ನನ್ನ ಜೊತೆ ಸೇರಿ ಬೈಯುತ್ತಾಳೆಂದು ಎಣಿಸಿದ್ದೆ. ಅಂದು ಆಕೆ ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತು, ನನ್ನನ್ನೂ ಹತ್ತಿರ ಕೂಡಿಸಿಕೊಂಡಳು.

“ನಿಮ್ಮವ್ವನ್ನ ನೀ ನೋಡಿಲ್ಲ,” ಎಂದಳು. “ಆಕಿ ನಕ್ಕರ ಈ ಓಣಿಯ ಮಗ್ಗ ಎಲ್ಲಾ ನಿಂದರತಿದ್ವು. ಒಂದು ಅರಿವಿ ಉಟ್ರ ಕೆಂಪಂದ್ರ ಕೆಂಪ ಇರಬೇಕು. ಎರಿ ಸೀಮಿಗೆ ಕೊಟ್ರು. ಮದವಿ ಆದ ಮ್ಯಾಲೆ ಬ್ಯಾಸಗ್ಯಾಗ ಇವ್ರು ನೋಡಾಕ ಹೋಗಿದ್ರು. ಬಾಗಲ್ದಾಗ ನಿಂತಾಕಿ ಯಾರಂತ ಗುರ್ತ ಸಿಗಲಿಲ್ಲಂತ. ಮಣ್ಣಿನ ಬಣ್ಣದ ಸೀರಿ, ಮಣ್ಣಿನಂಥಾ ಮಾರಿ, ಮಾತಿಲ್ಲ. ನಿಂತ ಕಾಲಾಗ ತಿರಗಿ ಬಂದ್ರು. ಬಂದು ಎಂಟು ದಿನ ಮಗ್ಗಕ್ಕ ಕುಂದರಲಿಲ್ಲ. ಅದಾಗಿ ಒಂದು ವರ್ಷಕ್ಕ ನೀ ಹುಟ್ಟಿದಿ, ಆಕಿ ಹೋದ್ಲು. ಈ ಪಾತರಗಿತ್ತಿ ಹುಚ್ಚು ಹತ್ತಿದ್ದು ಆ ಮ್ಯಾಲೆ.”

ಒಳಗೆ ಮಾವ ಲಾಳಿ ಬಿಡುತ್ತ ಏನೋ ಗುನುಗುತ್ತಿದ್ದ. ಇಷ್ಟು ದಿನ ಆತ ಊರೂರಿಗೆ ಹೋಗಿ ನೋಡಿ ಬರುತ್ತಿದ್ದುದು ನಾನು ಎಲ್ಲಿ ಮಾಸಿ ಹೋಗುವುದಿಲ್ಲ ಎಂಬುದನ್ನು. ಆಮೇಲೆ ಓಣಿಯವರು ನಕ್ಕರೆ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಮಾವನ ಮೇಲೆ ಬರುತ್ತಿರಲಿಲ್ಲ.

ಹಾಗೆಂದು ಆತ ನಗಿಸುವುದನ್ನು ಬಿಟ್ಟನೇ? ಆ ವರ್ಷ ಶ್ರಾವಣದಲ್ಲಿ ಕೊಣ್ಣೂರಿನಿಂದ ಒಂದು ಸಂಬಂಧ ಬಂತು. ಮೊದಲು ಮಗ್ಗವಿದ್ದ ಮನೆತನವಂತೆ, ಈಗ ಊರಲ್ಲಿ ಅರಿವೆ ಅಂಗಡಿ. ಹುಡುಗ ಸಾಲೆಯ ಮಾಸ್ತರ. ಮಳೆ ಹಿಡಿದಿತ್ತು. ಮಾವ ಬಸ್ಸಿನಲ್ಲಿ ರೋಣಕ್ಕೆ ಹೋಗಿ, ಅಲ್ಲಿಂದ ನರಗುಂದಕ್ಕೆ ಹೋಗಿ, ಆಚೆ ಚಕ್ಕಡಿ ಹತ್ತಿ ಹೋದ. ಹೋದವನು ಎರಡು ದಿನ ತಡವಾಗಿ ಬಂದ. ಮೊಣಕಾಲವರೆಗೆ ಕೆಸರು, ಮುಖದ ತುಂಬ ನಗು.

“ಕೊಟ್ಟೆ!” ಎಂದು ಬಾಗಿಲಲ್ಲಿಯೇ ಕೂಗಿದ. “ಮಾತು ಕೊಟ್ಟು ಬಂದೆ. ಏನ್ ಊರದು! ಹೊಳಿ ತುಂಬಿ ಹರೀತೈತಿ. ದಂಡಿ ಮ್ಯಾಲೆ ಹುಲ್ಲಿನಾಗ ಪಾತರಗಿತ್ತಿ ಅಂದ್ರ ಪಾತರಗಿತ್ತಿ! ಕೇಸರಿ ರೆಕ್ಕಿ. ನವಲಗರಿ ಕಣ್ಣು ಇರತಾವಲ್ಲ, ಹಂಥಾ ಕಣ್ಣು. ರೆಕ್ಕಿ ಮುಚ್ಚಿದ್ರೂ ಹೊರಗ ಕಣ್ಣು ಅದಾವ. ನನ್ನ ಹಂತ್ಯಾಕ ಅದಕ್ಕ ಹೊಂದೋ ನೂಲ ಇಲ್ಲ!”

ಅತ್ತೆ ದೇವರ ಮನೆಗೆ ಓಡಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ಆಮೇಲೆ ಕೇಳಿದಳು.

“ಹುಡುಗ ನೋಡಾಕ ಹ್ಯಾಂಗದಾನ್ರಿ?”

ಮಾವ ಸಕ್ಕರೆ ಚಪ್ಪರಿಸುವುದನ್ನು ನಿಲ್ಲಿಸಿದ. ಗುಡ್ಡದ ಕಡೆ ನೋಡಿದ. ನನ್ನ ಕಡೆ ನೋಡಿದ. ರುಮಾಲು ತೆಗೆದು ತಲೆ ಕೆರೆದುಕೊಂಡ.

“ಹುಡುಗ... ಇರಬೇಕು. ಸಾಲ್ಯಾಗ ಇರಬೇಕು. ನಾ ಹೊಳಿ ದಂಡ್ಯಾಗಿದ್ದೆ.”

ಹೀಗೆ, ಕಣ್ಣಿದ್ದವನೋ ಕುರುಡನೋ, ಕುಳ್ಳನೋ ಉದ್ದನೋ, ಯಾರೂ ನೋಡದ ಮನುಷ್ಯನಿಗೆ ನಾನು ಗೊತ್ತಾದೆ. ಆ ಕಡೆಯವರು ಹೆಣ್ಣು ನೋಡಲು ಬಂದಾಗ ಅತ್ತೆ ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿ, ಎರಡು ಕಣ್ಣು, ಎರಡು ಕೈ, ಎರಡು ಕಾಲು ಎಲ್ಲ ಸರಿಯಾಗಿವೆ ಎಂದು ಖಾತ್ರಿ ಮಾಡಿಕೊಂಡಳು. ನಾನು ನೋಡಿದ್ದು ಕಾಲು ಮಾತ್ರ. ತಲೆ ಎತ್ತಬಾರದಿತ್ತಲ್ಲ! ಚಲೋ ಕಾಲುಗಳೇ.

ಮಾಘದಲ್ಲಿ ಮದುವೆಯಾಯಿತು. ಮಾವನೇ ನೆಯ್ದ ಸೀರೆ ಉಟ್ಟು ನಾನು ಕೊಣ್ಣೂರಿಗೆ ಬಂದೆ. ಈಗ ನಿಮಗೆ ನಿಜ ಹೇಳುತ್ತೇನೆ. ಅಲ್ಲಿ ನನ್ನನ್ನು ಯಾರೂ ಕಾಡಲಿಲ್ಲ. ಕೊಣ್ಣೂರಿನ ಅತ್ತೆ ಹೆಚ್ಚು ಮಾತಿನವಳಲ್ಲ, ಕೆಟ್ಟ ಮಾತಿನವಳೂ ಅಲ್ಲ. ಗಂಡ ಒಳ್ಳೆಯವನು, ಆದರೆ ಸಾಲೆಯಲ್ಲಿ ಇಡೀ ದಿನ ಮಾತಾಡಿ ದಣಿದು ಬಂದು ಮನೆಯಲ್ಲಿ ಬಾಯಿ ಮುಚ್ಚುವನು. ನನಗೆ ಮಗ್ಗದ ಸದ್ದು ಬೇಕು, ಗುಡ್ಡ ಬೇಕು. ಅಲ್ಲಿ ಎತ್ತ ನೋಡಿದರೂ ಚಪ್ಪಟೆ ಎರೆ ಭೂಮಿ. ಬೇಸಿಗೆ ಬರುತ್ತಿದ್ದಂತೆ ಆ ಭೂಮಿ ಬಿರಿಯಿತು, ಹೊಳೆ ತಗ್ಗಿತು, ದಂಡೆಯ ಹುಲ್ಲು ಒಣಗಿತು. ನಾನು ಹೊಸ ಸೀರೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಕೆಲಸಕ್ಕೆಂದು ಒಂದು ಮಾಸಿದ ಸೀರೆ ಉಡತೊಡಗಿದೆ. ಮಾತು ಕಡಿಮೆಯಾಯಿತು. ಹೀಗಾಗುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

ಚೈತ್ರದ ಒಂದು ಮಧ್ಯಾಹ್ನ ಮಾವ ಬಂದ. ನಾನು ಅಂಗಳದಲ್ಲಿ ಜೋಳ ಕೇರುತ್ತಿದ್ದೆ. ತಲೆಯ ಮೇಲೆ, ಹುಬ್ಬಿನ ಮೇಲೆಲ್ಲ ಹೊಟ್ಟಿನ ಧೂಳು. ಆತ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, ನನ್ನ ಹಿಂದೆ ಇನ್ಯಾರನ್ನೋ ಹುಡುಕಿದ. ಗುರುತು ಹತ್ತಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದ.

“ಕೂಡ್ರಿ ಮಾವಾರ,” ಎಂದು ನನ್ನ ಗಂಡ ಒಳಗಿನಿಂದ ಎದ್ದು ಬಂದ. ರಜೆಯಾಗಿದ್ದರಿಂದ ಮನೆಯಲ್ಲಿದ್ದ. ಕೊಣ್ಣೂರಿನ ಅತ್ತೆ ನೀರಿನ ತಂಬಿಗೆ ತಂದಿಟ್ಟಳು. ಮಾವ ಕೂಡಲಿಲ್ಲ, ನೀರು ಮುಟ್ಟಲಿಲ್ಲ. ಅದರಲ್ಲಿ ತಪ್ಪು ತಿಳಿಯುವಂಥದ್ದಿರಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಆಕೆಗೆ ಮಗುವಾಗುವವರೆಗೆ ನಮ್ಮ ಮನೆತನದ ಗಂಡಸರು ಕೂಡುವುದಿಲ್ಲ, ನೀರು ಕುಡಿಯುವುದಿಲ್ಲ. ನಿಂತು ನೋಡಿ ನಿಂತಲ್ಲಿಂದಲೇ ತಿರುಗುವುದು ನಮ್ಮ ಹಿರಿಯರ ಪದ್ಧತಿ.

“ಅಳಿಯಾರ, ನನಗ ಮೋಸ ಆತು,” ಎಂದ ಮಾವ. “ನಿಮ್ಮೂರು ನನಗ ಮೋಸ ಮಾಡ್ತು. ನಾ ಈಗ ಹೊಳಿ ದಂಡಿ ಮ್ಯಾಲೆ ಹಾದು ಬಂದೆ. ಕೇಸರಿ ಇಲ್ಲ, ಕಣ್ಣಿಲ್ಲ. ಎಲ್ಲಾ ಒಣಗಿದ ಎಲಿ! ಇಲ್ಲಿ ನೋಡಿದ್ರ ನನ್ನ ಹುಡುಗಿ...” ಆಮೇಲೆ ನನ್ನ ಕಡೆ ತಿರುಗಿ, “ಅವ್ವಿ, ಗಂಟು ಕಟ್ಟು. ಊರಿಗೆ ಹೋಗೂಣ,” ಎಂದ.

ನನ್ನ ಗಂಡ ಬೇರೆಯವನಾಗಿದ್ದರೆ ಅಂದೇ ಎರಡೂ ಮನೆಯ ಸಂಬಂಧ ಹರಿಯುತ್ತಿತ್ತು. ಈ ಮನುಷ್ಯ ಸಿಟ್ಟಾಗಲಿಲ್ಲ. ಸಾಲೆಯ ದಡ್ಡ ಹುಡುಗರಿಗೆ ಲೆಕ್ಕ ಹೇಳಿ ಹೇಳಿ ಸಿಟ್ಟೆಲ್ಲ ಖರ್ಚಾಗಿತ್ತೋ ಏನೋ. ಮಾವನ ಕೈ ಹಿಡಿದು, “ಬರ್ರಿ, ಒಂದೀಟು ಹೊಳಿ ಕಡೆ ಹೋಗೂಣು,” ಎಂದ. ನನ್ನನ್ನೂ ಬಾ ಎಂದ. ಮದುವೆಯಾದ ಮೇಲೆ ಹಗಲಿನಲ್ಲಿ ಗಂಡನ ಜೊತೆ ನಾನು ಹೊರಗೆ ಹೋದದ್ದು ಅದೇ ಮೊದಲು!

ದಂಡೆಯ ಒಣಹುಲ್ಲಿನಲ್ಲಿ ನಾವು ಮೂವರೂ ಕುಕ್ಕರಗಾಲಲ್ಲಿ ಕುಳಿತೆವು. ಎದುರಿಗೆ ನೆಲದ ಮೇಲೆ ಒಂದು ಒಣ ಎಲೆ. ತೊಟ್ಟು, ನಡುವಿನ ನರ ಎಲ್ಲ ಇದ್ದ ಎಲೆ.

“ಅದು ಎಲಿ ಅಲ್ರಿ,” ಎಂದ ನನ್ನ ಗಂಡ ಮೆಲ್ಲಗೆ. “ನೀವು ಶ್ರಾವಣದಾಗ ನೋಡಿದ್ದ ಜಾತೀದ. ಮಳಿಗಾಲದಾಗ ಹುಟ್ಟಿದ್ರ ಹೊರಮೈ ಮ್ಯಾಲೂ ಕಣ್ಣು ಇರತಾವ. ಬ್ಯಾಸಗ್ಯಾಗ ಹುಟ್ಟಿದ್ದು ಹೊರಗ ಒಣ ಎಲಿ ಬಣ್ಣ ಹೊದ್ಕೋತೈತಿ. ಸುತ್ತಾ ಎಲ್ಲಾ ಒಣಗಿದಾಗ ಇದೊಂದ ಹೊಳದ್ರ ಹಕ್ಕಿ, ಓತಿಕ್ಯಾತ ಬಿಡತಾವೇನ್ರಿ? ಅದಕ್ಕ ರೆಕ್ಕಿ ಮುಚ್ಕೊಂಡು ಸುಮ್ನ ಕುಂದರತೈತಿ. ಬಣ್ಣ ಹೋಗಿಲ್ರಿ. ಒಳಗ ಐತಿ.”

“ಒಳಗ?”

“ಸ್ವಲ್ಪ ತಡೀರಿ.”

ನಾವು ತಡೆದೆವು. ಬಿಸಿಲು ಸುಡುತ್ತಿತ್ತು. ಮಾವನಿಗೆ ಸಹನೆ ಎಲ್ಲಿಯದು? ಎದ್ದು ನಿಲ್ಲಲು ನೋಡಿದ. ಗಂಡ ತೋಳು ಹಿಡಿದು ಕೂಡಿಸಿದ. ಇನ್ನಷ್ಟು ಹೊತ್ತಾಯಿತು. ಆ ಎಲೆ ಎರಡಾಗಿ ತೆರೆಯಿತು. ಒಳಗೆ ಅದೇ ಕೇಸರಿ, ಅದೇ ನವಿಲಿನ ಕಣ್ಣು!

ಮಾವ ಬೋರಲು ಬಿದ್ದು, ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಒಮ್ಮೆಲೇ ಗಾಬರಿಯಾಗಿ ಅಳಿಯನ ಕಡೆ ತಿರುಗಿದ.

“ಹಂಗಾದ್ರ ನಾ ಬ್ಯಾಸಗ್ಯಾಗ ನೋಡಿ ಬಿಟ್ಟ ಗಂಡುಗಳೆಲ್ಲಾ...?”

“ಅವ್ರನ್ನ ಬಿಟ್ಟದ್ದು ಚಲೋ ಆತ್ರಿ,” ಎಂದ ನನ್ನ ಗಂಡ ಗಂಭೀರವಾಗಿ. ನನಗೆ ನಗು ತಡೆಯಲಿಲ್ಲ. ಜೋರಾಗಿ ನಕ್ಕುಬಿಟ್ಟೆ. ಕೊಣ್ಣೂರಿಗೆ ಬಂದ ಮೇಲೆ ಹಾಗೆ ನಕ್ಕಿರಲಿಲ್ಲ. ಗಂಡ ಬೆರಗಾಗಿ ನನ್ನನ್ನು ನೋಡಿದ. ಮಾವನೂ ನೋಡಿದ. ಆದರೆ ಆತ ನಗಲಿಲ್ಲ.

ಮನೆಗೆ ಮರಳಿ ಬಂದೆವು. ಬಾಗಿಲಿಗೆ ಬಂದದ್ದೇ ಮಾವ ನನ್ನನ್ನು ನಿಲ್ಲಿಸಿದ.

“ನಿಮ್ಮವ್ವ ಹಿಂಗ ಬಾಗಲ್ದಾಗ ನಿಂತಿದ್ಲು,” ಎಂದ. “ನಾ ಆಕಿ ಮಾರಿ ನೋಡಿ, ಎಲ್ಲಾ ಹೋತು ಅಂತ ತಿಳ್ಕೊಂಡೆ. ಒಂದ ಮಾತು ಕೇಳಲಿಲ್ಲ. ನಿಂತ ಕಾಲಾಗ ತಿರಗಿ ಬಂದೆ. ಆಕಿ ರೆಕ್ಕಿ ಮುಚ್ಕೊಂಡು ನಿಂತಿದ್ಲೋ, ಖರೇನ ಬಣ್ಣ ಹೋಗಿತ್ತೋ, ಇವತ್ತಿಗೂ ನನಗ ಗೊತ್ತಿಲ್ಲ. ಒಂದೀಟು ಕುಂತಿದ್ರ ಗೊತ್ತಾಕ್ಕಿತ್ತು.”

ನಾನು ಆತನ ತೋಳು ಹಿಡಿದುಕೊಂಡೆ. ಆತ ನನ್ನ ಹುಬ್ಬಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

“ಖರೇ ಹೇಳು ಅವ್ವಿ. ನೀ ಸುಖದಾಗ ಇದ್ದೀಯೇನು?”

ಅಷ್ಟು ಊರುಗಳ ಮಣ್ಣನ್ನು ನೋಡಿದ್ದರು, ಮನೆ ನೋಡಿದ್ದರು, ಬಾವಿ ನೋಡಿದ್ದರು, ನನ್ನ ಗಂಡನ ಕೈಕಾಲು ಎಣಿಸಿದ್ದರು. ನನ್ನನ್ನು ಇದೊಂದು ಮಾತು ಅದುವರೆಗೆ ಯಾರೂ ಕೇಳಿರಲಿಲ್ಲ. ಹೌದು ಎಂದರೆ ಸುಳ್ಳು, ಇಲ್ಲ ಎಂದರೂ ಸುಳ್ಳು. ಕೊಣ್ಣೂರಿನ ಅತ್ತೆ ಒಳಬಾಗಿಲಲ್ಲಿ, ಗಂಡ ಅಂಗಳದಲ್ಲಿ, ಇಬ್ಬರೂ ಕೇಳಿಸಿಕೊಳ್ಳುತ್ತಿದ್ದರು.

“ಇನ್ನೂ ಗೊತ್ತಾಗಿಲ್ಲ ಮಾವಾ,” ಎಂದೆ. “ಸ್ವಲ್ಪ ತಡಿ.”

ಮಾವ ತಲೆಯಾಡಿಸಿದ. ಚಪ್ಪಲಿ ಬಿಟ್ಟ. ರುಮಾಲು ತೆಗೆದು ಗೂಟಕ್ಕೆ ಹಾಕಿದ. ಪಡಸಾಲೆಯ ಕಂಬಳಿಯ ಮೇಲೆ, ಹೆಣ್ಣು ಕೊಟ್ಟ ಮನೆಯಲ್ಲಿ ನಮ್ಮ ಹಿರಿಯರು ಯಾರೂ ಕೂಡದ ಹಾಗೆ, ಕಾಲು ಮಡಚಿ ಗಟ್ಟಿಯಾಗಿ ಕುಳಿತುಬಿಟ್ಟ. ಆಮೇಲೆ ಒಳಬಾಗಿಲಿನ ಕಡೆ ತಿರುಗಿ ಹೇಳಿದ.

“ಬೀಗತಿಯಾರ, ನಾ ಇವತ್ತು ಹೋಗಂಗಿಲ್ರಿ. ಒಂದು ತಂಬಗಿ ನೀರು ಕೊಡ್ರಿ.”